ನಾಲ್ಕು ಮೋಟಾರುಗಳನ್ನು ಪಳಗಿಸಿದವರು

ಯಂತ್ರದ ಹತ್ತಿರ ಹೋಗುವ ಮೊದಲು ಅವರು ಕೈಗಡಿಯಾರ ಬಿಚ್ಚಿ ಊಟದ ಡಬ್ಬಿಯೊಳಗೆ, ರೊಟ್ಟಿ ಸುತ್ತಿದ ಬಟ್ಟೆಯ ಮೇಲೆ ಇಡುತ್ತಿದ್ದರು. ಉಂಗುರವೂ ಅದರ ಪಕ್ಕಕ್ಕೆ ಹೋಗುತ್ತಿತ್ತು. ಅಂಗಿಯ ತೋಳನ್ನು ಮೊಣಕೈ ದಾಟುವ ತನಕ ಬಿಗಿಯಾಗಿ ಮಡಚಿ, ಯಂತ್ರಕ್ಕೆ ಒಂದು ಸುತ್ತು ಬಂದು, ಅದನ್ನು ತಟ್ಟನೆ ನಿಲ್ಲಿಸುವ ಕೆಂಪು ಗುಂಡಿಯನ್ನು ಒಮ್ಮೆ ಒತ್ತಿ ನೋಡುತ್ತಿದ್ದರು. ನಿನ್ನೆ ನೋಡಿದ್ದನ್ನೇ ಇವತ್ತು ಮತ್ತೆ ಯಾಕೆ ನೋಡುತ್ತೀರಿ ಎಂದು ತರಗತಿಯ ಹುಡುಗಿಯೊಬ್ಬಳು ಕೇಳಿದ್ದಕ್ಕೆ, "ಓಡ್ಸೂದು ಯಾರಿಗಾದ್ರೂ ಬರ್ತದವ್ವಾ. ನಿಲ್ಲತದೋ ಇಲ್ಲೋ ಮೊದ್ಲ ಖಾತ್ರಿ ಮಾಡ್ಕೋಬೇಕು" ಎಂದಿದ್ದರು.

ಹೋದ ಮಳೆಗಾಲದಲ್ಲಿ ಅವರು ತೀರಿಕೊಂಡರು. ಇನ್ನೂ ಅರವತ್ತು ತುಂಬಿರಲಿಲ್ಲ. ಸುದ್ದಿ ನನಗೆ ತಲುಪಿದ್ದು ಎಂಟು ದಿನ ತಡವಾಗಿ, ಹಳೆಯ ವಿದ್ಯಾರ್ಥಿಯೊಬ್ಬನ ಫೋನಿನಿಂದ. "ನಿಮಗ ಗೊತ್ತಿರ್ಬೇಕು ಅಂದ್ಕೊಂಡಿದ್ನಿ ಸರ" ಎಂದ. ಗೊತ್ತಿರಲಿಲ್ಲ. ನನಗೆ ತಿಳಿಸಬೇಕು ಎಂದು ಅವರ ಮನೆಯಲ್ಲಿ ಯಾರಿಗೂ ಅನ್ನಿಸದ ಹಾಗೆ ನಾನು ನಡೆದುಕೊಂಡಿದ್ದೆ. ಅವರ ಬಗ್ಗೆ ಬರೆಯಲೇ ಎಂದು ಆಮೇಲೆ ಅವರ ಮಗಳನ್ನು ಕೇಳಿದೆ. "ಬರೀರಿ. ಆದ್ರ ಅಪ್ಪನ ಹೆಸ್ರ ಹಾಕಬ್ಯಾಡ್ರಿ" ಎಂದಳು. ಹಾಗೆ ಹೇಳಲು ಆಕೆಗೆ ಕಾರಣವಿತ್ತು.

ನಾನು ಆಳಂದ ತಾಲ್ಲೂಕಿನ ಹಿರೋಳ್ಳಿಯವನು. ಎಲೆಕ್ಟ್ರಿಕಲ್ ಡಿಪ್ಲೊಮಾ ಮುಗಿಸಿ ಅಫಜಲಪುರದ ಒಂದು ಖಾಸಗಿ ತರಬೇತಿ ಕೇಂದ್ರದಲ್ಲಿ ಮೇಷ್ಟ್ರಾಗಿ ಸೇರಿದ್ದೆ. ಕೇಂದ್ರದ ಕಾರ್ಯದರ್ಶಿ ನಮ್ಮ ತಂದೆಯ ಕಡೆಯಿಂದ ದೂರದ ನೆಂಟರು; ಕೆಲಸ ಸಿಕ್ಕಿದ್ದರಲ್ಲಿ ಡಿಪ್ಲೊಮಾದ ಪಾಲೆಷ್ಟು, ನೆಂಟಸ್ತಿಕೆಯ ಪಾಲೆಷ್ಟು ಎಂದು ನಾನು ಲೆಕ್ಕ ಹಾಕಲು ಹೋಗಿರಲಿಲ್ಲ. ಸೇರಿದ ಮೂರನೆಯ ವರ್ಷ, ಸೊಲ್ಲಾಪುರದ ಕಡೆ ಮುಚ್ಚಿಹೋದ ಕಾರ್ಖಾನೆಯೊಂದರಿಂದ ಕೇಂದ್ರಕ್ಕೆ ಒಂದು ಕೆತ್ತನೆ ಯಂತ್ರ ಬಂತು. ಕಟ್ಟಿಗೆ, ಕಲ್ಲು ಎರಡರ ಮೇಲೂ ಅಕ್ಷರ, ಹೂಬಳ್ಳಿ ಕೆತ್ತಬಲ್ಲ ಯಂತ್ರ. ಅದಕ್ಕೆ ನಾಲ್ಕು ಮೋಟಾರು. ಒಂದು ಎಡಕ್ಕೆ ಬಲಕ್ಕೆ, ಒಂದು ಹಿಂದೆ ಮುಂದೆ, ಒಂದು ಮೇಲೆ ಕೆಳಗೆ. ನಾಲ್ಕನೆಯದು ಕೆತ್ತಬೇಕಾದ ತುಂಡನ್ನೇ ತಿರುಗಿಸುವುದು. ನಾಲ್ಕನ್ನೂ ಒಂದೇ ತಾಳಕ್ಕೆ ನಡೆಸುವ ಕಂಟ್ರೋಲರ್ ಸುಟ್ಟುಹೋಗಿತ್ತು. ಹೊಸದನ್ನು ತರಿಸಿದರು. ಮಾರಿದವರ ಕಡೆಯ ಮನುಷ್ಯ ಬರುವುದು ಯಾವಾಗಲೋ ಎಂಬಂತಿತ್ತು. "ನೀವs ಹಚ್ಚಿಬಿಡ್ರಿ, ಓದೀರಲ್ಲ" ಎಂದರು ಕಾರ್ಯದರ್ಶಿ.

ಓದಿದ್ದೆ ನಿಜ. ಆದರೆ ಇಂಥದ್ದನ್ನು ಕೈಯಲ್ಲಿ ಹಿಡಿದಿರಲಿಲ್ಲ. ಮೂರು ವಾರ ಅದರ ಜೊತೆ ಗುದ್ದಾಡಿದೆ. ತಂತಿಗಳನ್ನೆಲ್ಲ ಚಿತ್ರದಲ್ಲಿದ್ದ ಹಾಗೆಯೇ ಜೋಡಿಸಿದ್ದೆ. ಆದರೂ ಮೊದಲ ಮೋಟಾರಿಗೆ ಅಪ್ಪಣೆ ಕೊಟ್ಟ ಕೂಡಲೇ ಅದು ಬೆದರಿದ ಹೋರಿಯಂತೆ ಒಂದೇ ದಿಕ್ಕಿಗೆ ನುಗ್ಗುತ್ತಿತ್ತು. ಕರೆಂಟು ತೆಗೆದರಷ್ಟೇ ನಿಲ್ಲುತ್ತಿತ್ತು. ವಿದ್ಯಾರ್ಥಿಗಳು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ನಾನು ಬಾಗಿಲು ಮುಚ್ಚಿಸತೊಡಗಿದೆ.

ಆಗ, ನನ್ನ ಕೈಗೆ ನೆರವಾಗಲೆಂದು ದಿನಗೂಲಿಯ ಮೇಲೆ ಅವರು ಬಂದರು. ಊರು ಭೀಮಾ ದಂಡೆಯ ಮಣ್ಣೂರು. ಇಪ್ಪತ್ತು ವರ್ಷಕ್ಕೂ ಮೇಲೆ ಪುಣೆಯ ಕಾರ್ಖಾನೆಗಳಲ್ಲಿ ಇಂಥ ಯಂತ್ರಗಳನ್ನು ಕೂರಿಸಿ, ನಡೆಸಿ, ಹೆಂಡತಿಯ ಕಣ್ಣು ಮಂಜಾಗತೊಡಗಿದ ಮೇಲೆ ಊರಿಗೆ ಮರಳಿದ್ದರು. ಶಾಲೆ ಏಳನೆಯ ಇಯತ್ತೆಗೆ ನಿಂತಿತ್ತು. ಕೂದಲಿಗೆ ತಪ್ಪದೆ ಕಪ್ಪು ಹಚ್ಚುತ್ತಿದ್ದರು. ಅದರ ಬಗ್ಗೆ ಯಾರಾದರೂ ತಮಾಷೆ ಮಾಡಿದರೆ ಅರ್ಧ ದಿನ ಮಾತು ಬಿಡುತ್ತಿದ್ದರು. ಮಾತೆತ್ತಿದರೆ "ಪುಣೇದಾಗ ಹಿಂಗ ಇರಂಗಿಲ್ರಿ" ಎನ್ನುವ ಚಟವೂ ಇತ್ತು. ಸಿಟ್ಟು ಮೂಗಿನ ತುದಿಯಲ್ಲೇ. ಒಬ್ಬ ವಿದ್ಯಾರ್ಥಿ ಕೊರಳಲ್ಲಿ ಟವೆಲು ಇಳಿಬಿಟ್ಟುಕೊಂಡು ತಿರುಗುವ ಮೋಟಾರಿನ ಮೇಲೆ ಬಾಗಿದಾಗ, ಟವೆಲು ಕಿತ್ತು ಕಿಟಕಿಯಿಂದ ಹೊರಗೆ ಎಸೆದು, ಸಂಜೆ ತಾವೇ ಹೋಗಿ ಜಾಲಿ ಗಿಡದಿಂದ ಬಿಡಿಸಿಕೊಂಡು ಬಂದು ಕೊಟ್ಟಿದ್ದರು.

ಮೊದಲ ದಿನ ಅವರು ಕರೆಂಟನ್ನೇ ಹಾಕಲಿಲ್ಲ. ಮೋಟಾರುಗಳನ್ನು ಯಂತ್ರದಿಂದ ಬಿಡಿಸಿ ಮೇಜಿನ ಮೇಲೆ ಸಾಲಾಗಿ ಇಟ್ಟರು. ನಾನು ಒಳಗೊಳಗೇ ನಕ್ಕೆ. ಮರುದಿನ ಕಂಟ್ರೋಲರಿಗಷ್ಟೇ ಕರೆಂಟು ಕೊಟ್ಟು, ಮೊದಲ ಮೋಟಾರಿನ ದಂಡವನ್ನು ಕೈಯಿಂದ ಮೆಲ್ಲಗೆ ಬಲಕ್ಕೆ ತಿರುಗಿಸುತ್ತ, "ಸರ, ಪಡದೆ ಮ್ಯಾಲ ನಂಬರ್ ಏರಾಕತ್ತದೋ ಇಳ್ಯಾಕತ್ತದೋ ನೋಡ್ರಿ" ಎಂದರು.

"ಇಳೀತದ" ಎಂದೆ.

"ಹಾಂ. ಇಲ್ಲೇ ಅದ ನೋಡ್ರಿ. ಇದು ಮುಂದ ಹೋಗಿ, ಹಿಂದ ಹೋದೆ ಅಂತ ವರದಿ ಕೊಡ್ತದ. ಕಂಟ್ರೋಲರ್ ಬಿಚಾರಾ ನಂಬಿ, ಇನ್ನಾ ಮುಂದ ಹೋಗು ಅಂತ ಜೋರ ನೂಕ್ತದ. ಸುಳ್ಳ ವರದಿ ಬಂದ್ರ ಶಾಣ್ಯಾನೂ ದಾರಿ ತಪ್ತಾನ್ರಿ."

ಎಣಿಕೆಯ ದಿಕ್ಕನ್ನು ಬದಲಿಸಿದರು. ಎರಡು ನಿಮಿಷದ ಕೆಲಸ. ಮೂರು ವಾರ ನುಗ್ಗಿದ್ದ ಮೋಟಾರು ಹೇಳಿದಷ್ಟು ತಿರುಗಿ ಹೇಳಿದಲ್ಲಿ ನಿಂತಿತು. ವಿದ್ಯಾರ್ಥಿಗಳು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಎಲ್ಲರಿಗಿಂತ ಮೊದಲು ನಿಲ್ಲಿಸಿದೆ.

ಮುಂದಿನ ಹದಿನೈದು ದಿನ ಅವರು ಒಂದೊಂದೇ ಮೋಟಾರನ್ನು ಹದಕ್ಕೆ ತಂದರು. ಅದರ ಮೈಮೇಲೆ ಅಂಗೈ ಇಟ್ಟುಕೊಂಡು ಅಪ್ಪಣೆಗೆ ಅದು ಓಗೊಡುವ ಬಿಗಿಯನ್ನು ಸ್ವಲ್ಪ ಸ್ವಲ್ಪವೇ ಏರಿಸಲು ಹೇಳುವರು. ಪಡದೆಯಲ್ಲಿ ಅಂಕಿ ಒತ್ತುವ ಕೆಲಸ ವಿದ್ಯಾರ್ಥಿಗಳದು. ಮೋಟಾರು ಸಣ್ಣಗೆ ಗುಂಯ್‌ಗುಟ್ಟಲು ಶುರುಮಾಡಿದರೆ, "ಸಾಕು, ಎರಡು ಹೆಜ್ಜಿ ಹಿಂದ ಬರ್ರಿ. ಇದಕ್ಕ ಜೀವ ತಡೀವಲ್ದು" ಎನ್ನುವರು. ಅಂಗೈಗೆ ಗೊತ್ತಾಗುವುದು ನಮ್ಮ ಕಿವಿಗೆ ಗೊತ್ತಾಗಲು ಇನ್ನೂ ಸ್ವಲ್ಪ ಹೊತ್ತು ಬೇಕಾಗುತ್ತಿತ್ತು. ಮೋಟಾರುಗಳನ್ನು ಮತ್ತೆ ಯಂತ್ರಕ್ಕೆ ಕೂರಿಸಿ, ಯಂತ್ರ ಓಡಾಡುವ ಪ್ರತಿ ದಾರಿಯ ಎರಡೂ ತುದಿಗೆ ಒಂದೊಂದು ಸ್ವಿಚ್ಚು ಹಾಕಿದರು. ಯಂತ್ರ ಅದನ್ನು ತಾಗಿದರೆ ಅಲ್ಲೇ ನಿಲ್ಲಬೇಕು. ಪ್ರತಿಯೊಂದನ್ನೂ ಬೆರಳಿನಿಂದ ಒತ್ತಿ ಒತ್ತಿ, ನಿಲ್ಲುತ್ತದೆ ಎಂದು ತೋರಿಸಿ, ನಮ್ಮಿಂದಲೂ ಒತ್ತಿಸಿದರು. ವೇಗವನ್ನು ಬಹಳ ಕಡಿಮೆ ಇಟ್ಟರು. "ಹಳೀ ಹಡಗ್ರಿ ಇದು. ಇದಕ್ಕಿಂತ ಜೋರ ಬ್ಯಾಡ."

ವಿದ್ಯಾರ್ಥಿಗಳು ಅವರನ್ನು ಕಾಕಾ ಎನ್ನುತ್ತಿದ್ದರು. ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಆದರೂ ಅವರೇ ನನಗೆ ಸರ ಎನ್ನುತ್ತಿದ್ದರು. ಹೆಸರು ಹಿಡಿದು ಕರೆಯಲು ಅವರ ವಯಸ್ಸು ಅಡ್ಡ ಬರುತ್ತಿತ್ತು, ಕಾಕಾ ಎನ್ನಲು ಇನ್ನೊಂದು ಅಡ್ಡ ಬರುತ್ತಿತ್ತು. ನಾನು "ಕೇಳ್ರಿ ಇಲ್ಲಿ" ಎಂದು ನಿಭಾಯಿಸಿದೆ. ಆ ಇನ್ನೊಂದು ಏನೆಂದು ಈಗ ಹೇಳಿಬಿಡುತ್ತೇನೆ. ಅವರದು ಬೌದ್ಧರ ಮನೆ. ಅಜ್ಜನ ಕಾಲದಲ್ಲಿ ಆ ಕುಟುಂಬವನ್ನು ಊರ ಹೊರಗೆ ಇಟ್ಟಿದ್ದರು. ನಮ್ಮ ಮನೆಯಲ್ಲಿ ಜಾತಿಯ ಮಾತನ್ನು ಯಾರೂ ಜೋರಾಗಿ ಆಡುತ್ತಿರಲಿಲ್ಲ. ಮೆಲ್ಲಗೆ ಆಡುತ್ತಿದ್ದೆವು.

ಒಂದು ಮಧ್ಯಾಹ್ನ, ಕಂಟ್ರೋಲರ್ ಪೆಟ್ಟಿಗೆಯೊಳಗೆ ತಲೆ ಹಾಕಿಕೊಂಡಿದ್ದವರು ಬೆವರು ಸುರಿಸುತ್ತ ಹೊರಗೆ ಬಂದು, ಮೇಜಿನ ಮೇಲಿದ್ದ ನನ್ನ ನೀರಿನ ಬಾಟಲಿಯನ್ನು ಎತ್ತಿ ಗಟಗಟ ಕುಡಿದರು. ಎಲ್ಲರದೂ ಎಂದುಕೊಂಡಿರಬೇಕು. ನಾನು ಮರುದಿನ ಬೇರೆ ಬಾಟಲಿ ತಂದೆ. ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು.

"ಹೊಸಾದು ಚಲೋ ಅದರಿ" ಎಂದು ಕೆಲಸಕ್ಕೆ ತಿರುಗಿದರು.

ಅಂದಿನಿಂದ ಅವರು ಮನೆಯಿಂದಲೇ ನೀರು ತರತೊಡಗಿದರು. ಈ ಒಂದು ಸಂಗತಿಯನ್ನು ನಾನು ಇಲ್ಲಿಯವರೆಗೆ ನನ್ನ ಹೆಂಡತಿಗೂ ಹೇಳಿಲ್ಲ.

ಯಂತ್ರ ಸಿದ್ಧವಾಯಿತು. ಅದರ ದಾಖಲೆ ಪುಸ್ತಕದ ಮೊದಲ ಪುಟದಲ್ಲಿ "ಅಳವಡಿಸಿದವರು" ಎಂಬ ಸಾಲಿತ್ತು. ಅದರ ಮುಂದೆ ನನ್ನ ಹೆಸರು ಬರೆದು ಸಹಿ ಹಾಕಿದೆ. ಕಾರ್ಯದರ್ಶಿಗಳು ಕೇಳಲಿಲ್ಲ. ಮೋಟಾರುಗಳನ್ನು ಹದಕ್ಕೆ ತಂದವರು ನನ್ನ ಹಿಂದೆಯೇ ನಿಂತು ಕೈ ಒರೆಸಿಕೊಳ್ಳುತ್ತಿದ್ದರು, ಅವರೂ ಕೇಳಲಿಲ್ಲ.

ಯಂತ್ರವನ್ನು ಅತಿಥಿಗಳಿಗೆ ತೋರಿಸುವ ದಿನ ಅವರು ಇರಲಿಲ್ಲ. ಹೆಂಡತಿಯ ಕಣ್ಣಿನ ಆಪರೇಷನ್ನು ಅದೇ ದಿನ ಬಂದಿತ್ತು. ಹಿಂದಿನ ದಿನ ಮನೆಗೆ ಹೊರಡುವಾಗ, "ಒಂದs ಮಾತ್ರಿ ಸರ. ನಡುವ ನಿಂತರ, ಮೊದ್ಲ ಅದನ್ನ ಸೊನ್ನಿ ಜಾಗಕ್ಕ ಒಯ್ರಿ. ತಾನ್ ಎಲ್ಲಿ ಅದೇನಿ ಅಂತ ಅದಕ್ಕ ಗೊತ್ತಾಗ್ಲಿ. ಆಮ್ಯಾಲ ಚಾಲೂ ಮಾಡ್ರಿ" ಎಂದು ಹೇಳಿ ಹೋಗಿದ್ದರು.

ಬೆಳಿಗ್ಗೆ ಹನ್ನೊಂದಕ್ಕೆ ಅತಿಥಿಗಳು ಬಂದು ಯಂತ್ರದ ಸುತ್ತ ನಿಂತರು. ಶಹಾಬಾದಿ ಕಲ್ಲಿನ ಹಾಸಿನ ಮೇಲೆ ಕೇಂದ್ರದ ಹೆಸರನ್ನು ಕೆತ್ತುವುದೆಂದು ಮೊದಲೇ ಗೊತ್ತುಮಾಡಿದ್ದೆವು. ಯಂತ್ರ ತನ್ನ ಪಾಡಿಗೆ ನಿಧಾನ ಕೆತ್ತುತ್ತಿತ್ತು. ಎರಡು ಅಕ್ಷರ ಆಗುವಷ್ಟರಲ್ಲಿ ಒಬ್ಬರು ಗಡಿಯಾರ ನೋಡಿಕೊಂಡರು. ಕಾರ್ಯದರ್ಶಿ ನನ್ನ ಕಿವಿಯ ಬಳಿ ಬಾಗಿ, "ಇಷ್ಟ ಸಾವಕಾಶ ಯಾಕ? ಕೈಲೆ ಕಡದ್ರ ಇದಕ್ಕಿಂತ ಜಲ್ದಿ ಆಗ್ತಿತ್ತಲ್ಲೋ ತಮ್ಮಾ" ಎಂದರು.

ನಾನು ಸೆಟ್ಟಿಂಗಿನ ಪುಟ ತೆರೆದು ವೇಗವನ್ನು ಮೂರು ಪಟ್ಟು ಮಾಡಿದೆ. ಅತಿಥಿಗಳ ಮುಖ ಅರಳಿತು. ಯಂತ್ರ ಅದುರತೊಡಗಿತು. ಆ ಅದುರಾಟಕ್ಕೆ ತುದಿಯ ಸ್ವಿಚ್ಚೊಂದು ಸುಮ್ಮನೆ ತಾಗಿ, ಯಂತ್ರ ನಿಂತು, ಪಡದೆಯ ಮೇಲೆ ಕೆಂಪು ಅಕ್ಷರ ಮೂಡಿತು. ಇಪ್ಪತ್ತು ಜನ ನನ್ನನ್ನೇ ನೋಡುತ್ತಿದ್ದರು. ತುದಿಯ ಸ್ವಿಚ್ಚುಗಳ ಮಾತು ಕೇಳಬೇಡ ಎಂದು ಸೆಟ್ಟಿಂಗಿನಲ್ಲಿ ಬದಲಿಸಿದೆ. ಸೊನ್ನೆ ಜಾಗಕ್ಕೆ ಒಯ್ಯಲು ಒಂದು ನಿಮಿಷ ಹಿಡಿಯುತ್ತಿತ್ತು. ಆ ಒಂದು ನಿಮಿಷ ಅಷ್ಟು ಜನರ ಮುಂದೆ ಸುಮ್ಮನೆ ನಿಲ್ಲುವುದು ನನ್ನಿಂದ ಆಗಲಿಲ್ಲ. ಹಾಗೆಯೇ ಚಾಲೂ ಮಾಡಿದೆ.

ತಾನು ಎಲ್ಲಿದ್ದೇನೆಂದು ಅದಕ್ಕೆ ಗೊತ್ತಿರಲಿಲ್ಲ. ತಡೆಯುವವರೂ ಇರಲಿಲ್ಲ. ಕೆತ್ತುವ ಉಳಿಯನ್ನು ಹೊತ್ತ ಅಡ್ಡತೊಲೆ ಪೂರ್ತಿ ವೇಗದಲ್ಲಿ ಹೋಗಿ ತುದಿಗೆ ಬಡಿಯಿತು. ತೊಲೆಯನ್ನು ನಡೆಸುವ ಉದ್ದನೆಯ ಸ್ಕ್ರೂ ಬಾಗಿತು, ಕಲ್ಲು ಎರಡು ತುಂಡಾಯಿತು. ಯಾರಿಗೂ ಪೆಟ್ಟಾಗಲಿಲ್ಲ. ಕೆಂಪು ಗುಂಡಿ ಒತ್ತಿದ್ದು ನಾನಲ್ಲ; ತರಗತಿಯ ಒಬ್ಬಳು ಹುಡುಗಿ.

ಅತಿಥಿಗಳು ಹೋದ ಮೇಲೆ ಕಾರ್ಯದರ್ಶಿ ಕೇಳಿದರು: "ಇದ್ರ ಸೆಟ್ಟಿಂಗ್ ಮಾಡಿದ್ದು ಯಾರು?"

"ಎಲ್ಲಾ ಅವ್ರs ಮಾಡ್ಯಾರ್ರಿ" ಎಂದೆ.

ಒಂದಕ್ಷರವೂ ಸುಳ್ಳಲ್ಲದ ಸುಳ್ಳು. ಹದಿನೈದು ದಿನ ಎಲ್ಲವನ್ನೂ ಅವರೇ ಮಾಡಿದ್ದರು.

"ಅಂಥಾವ್ರನ್ನ ಇಂಥಾದ್ರಾಗ ಕೈ ಹಾಕಾಕ ಬಿಡಬಾರ್ದು" ಎಂದರು ಕಾರ್ಯದರ್ಶಿ. ಅಂಥಾವ್ರು ಎಂದರೆ ಏಳನೆಯ ಇಯತ್ತೆಯವರು ಎಂದಲ್ಲ. ಅದು ನನಗೆ ತಿಳಿಯಿತು. ಆ ಮಾತಿನ ನೆರಳು ಆ ಹೊತ್ತಿಗೆ ನನಗೆ ಬೇಕಾಗಿತ್ತು, ಅದರ ಕೆಳಗೆ ನಿಂತೆ. "ಪುಸ್ತಕದಾಗ ಸರಿ ಮಾಡ್ರಿ. ಯಾರ ಹೆಸ್ರ ಇರಬೇಕೋ ಅವ್ರದ ಇರ್ಲಿ" ಎಂದರು. ನನ್ನ ಹೆಸರಿನ ಮೇಲೆ ಗೆರೆ ಎಳೆದು, ಅವರ ಹೆಸರು ಬರೆದೆ. ಕೆಳಗೆ "ಸೆಟ್ಟಿಂಗ್ ದೋಷದಿಂದ ಯಂತ್ರಕ್ಕೆ ಹಾನಿ" ಎಂದು ಸೇರಿಸಿದೆ. ಆ ಕೇಂದ್ರದ ಪುಸ್ತಕದಲ್ಲಿ ಅವರ ಹೆಸರು ಮೊದಲ ಸಲ ಬಂದದ್ದು ಹೀಗೆ, ನನ್ನ ಅಕ್ಷರದಲ್ಲಿ.

ಎರಡು ದಿನ ಬಿಟ್ಟು ಅವರು ಬಂದರು. ಕಾರ್ಯದರ್ಶಿ ಬಾಗಿಲಲ್ಲೇ, "ಇನ್ನ ಬರೂದು ಬ್ಯಾಡ್ರಿ" ಎಂದರು. ಅವರು "ಒಮ್ಮೆ ನೋಡ್ತೇನ್ರಿ" ಎಂದು ಒಳಗೆ ಬಂದು, ಗಡಿಯಾರ ಬಿಚ್ಚಿಟ್ಟು, ಬಾಗಿದ ಸ್ಕ್ರೂವಿನ ಉದ್ದಕ್ಕೂ ಬೆರಳಾಡಿಸಿದರು. ಪಡದೆ ಹಚ್ಚಿ ಸೆಟ್ಟಿಂಗಿನ ಪುಟ ತೆರೆದರು. ಮೂರು ಪಟ್ಟು ವೇಗ ಅಲ್ಲೇ ಇತ್ತು. ಸ್ವಿಚ್ಚುಗಳನ್ನು ಬಂದ್ ಮಾಡಿದ್ದೂ ಅಲ್ಲೇ ಇತ್ತು. ಅದನ್ನು ಮೊದಲಿನಂತೆ ಮಾಡಿಡುವ ಜಾಣತನವೂ ನನಗೆ ಹೊಳೆದಿರಲಿಲ್ಲ.

"ಯಾರಿಗೂ ಬಡದಿಲ್ಲಲ್ರಿ?" ಎಂದರು.

"ಇಲ್ರಿ."

ವೇಗ ಇಳಿಸಿದರು. ಸ್ವಿಚ್ಚುಗಳನ್ನು ಒಂದೊಂದಾಗಿ ಮತ್ತೆ ಚಾಲೂ ಮಾಡಿ, ಪ್ರತಿಯೊಂದನ್ನೂ ಬೆರಳಿನಿಂದ ಒತ್ತಿ ನೋಡಿದರು. ಬೇಡವೆಂದು ಕಳಿಸಿದ ಮೇಲೆ ಆ ಕೆಲಸ ಅವರಿಗೆ ಬೇಕಾಗಿರಲಿಲ್ಲ. ಆಮೇಲೆ ಗೂಟಕ್ಕೆ ತೂಗುಹಾಕಿದ್ದ ದಾಖಲೆ ಪುಸ್ತಕ ತೆಗೆದು ಮೊದಲ ಪುಟ ನೋಡಿದರು. ಅವರ ಮುಖ ಕಪ್ಪಿಟ್ಟಿತು. ದನಿ ಮಾತ್ರ ಏರಲಿಲ್ಲ.

"ಯಂತ್ರ ನಡದಾಗ ನಿಮ್ಮ ಹೆಸ್ರ ಬರಕೊಂಡ್ರಿ. ಬರಕೊಳ್ಳಿ ಅಂದ್ಕೊಂಡ್ನಿ, ಸಣ್ಣ ವಯಸ್ಸು, ನೌಕ್ರಿ ಆಗ್ಬೇಕು. ಮುರದಾಗ ನನ್ನ ಹೆಸ್ರ ಬರದೀರಿ. ಇದು ಸರಿ ಅಲ್ರಿ ಸರ."

 ಅವರು ಸ್ವಲ್ಪ ಹೊತ್ತು ಕಾದರು. ನಾನು ಏನಾದರೂ ಹೇಳುತ್ತೇನೆ ಎಂದು ನಿಜಕ್ಕೂ ಕಾದರು. ಆಮೇಲೆ ಡಬ್ಬಿ ಎತ್ತಿಕೊಂಡು ಹೋದರು.

ತಿಂಗಳೊಪ್ಪತ್ತಿಗೆ ಜೇವರ್ಗಿಯ ಒಂದು ವರ್ಕ್‌ಶಾಪಿನಿಂದ ಫೋನು ಬಂತು. ಅವರನ್ನು ಕೆಲಸಕ್ಕೆ ತೆಗೆದುಕೊಳ್ಳಬೇಕೆಂದಿದ್ದೇವೆ, ನಿಮ್ಮಲ್ಲಿ ಹೇಗಿದ್ದರು ಎಂದು ವಿಚಾರಿಸಿದರು. ಫೋನು ಎತ್ತಿದ್ದು ನಾನು. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಒಂದು ಒಳ್ಳೆಯ ಮಾತು ಹೇಳಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. "ಪುಸ್ತಕದಾಗ ಏನ ಅದನೋ ಅದನ್ನ ಹೇಳ್ತೇನ್ರಿ" ಎಂದು ಓದಿಬಿಟ್ಟೆ. ಆ ಕೆಲಸ ಅವರಿಗೆ ಸಿಗಲಿಲ್ಲ. ಮುಂದೆ ಅವರು ಮಣ್ಣೂರಿನಲ್ಲೇ ಬೋರ್‌ವೆಲ್ಲಿನ ಸುಟ್ಟ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತುತ್ತ ಉಳಿದರು.

ಒಮ್ಮೆ ಕಂಡಿದ್ದರು, ಅಫಜಲಪುರದ ಬಸ್ ನಿಲ್ದಾಣದಲ್ಲಿ. ಗೋಣಿಚೀಲದಲ್ಲಿ ಮೋಟಾರೊಂದನ್ನು ಕಟ್ಟಿಕೊಂಡು ಕಟ್ಟೆಯ ಮೇಲೆ ಕೂತಿದ್ದರು. ಕೂದಲಿಗೆ ಕಪ್ಪು ಹಚ್ಚುವುದನ್ನು ಬಿಟ್ಟಿದ್ದರು. ನಾನು ಕಂಬದ ಮರೆಗೆ ಸರಿದು ಫೋನು ನೋಡುವವನಂತೆ ನಿಂತೆ. ಸ್ವಲ್ಪ ಹೊತ್ತಿಗೆ ಕದ್ದು ನೋಡಿದರೆ ಅವರು ಕೂತಲ್ಲೇ ತಿರುಗಿ, ನನಗೆ ಬೆನ್ನು ಮಾಡಿ ಕೂತಿದ್ದರು. ಅತ್ತ ನೋಡುವಂಥದ್ದೇನೂ ಇರಲಿಲ್ಲ, ಬರೀ ಗೋಡೆ. ನಾನು ಸುಲಭವಾಗಿ ಹಾದುಹೋಗಲೆಂದು ಹಾಗೆ ಕೂತರೋ, ನನ್ನ ಮುಖ ನೋಡಲು ಹೇಸಿ ಕೂತರೋ, ಈಗ ಕೇಳುವ ಹಾಗಿಲ್ಲ. ನಾನಂತೂ ಹಾದುಹೋದೆ.

ಸಾವಿನ ಸುದ್ದಿ ಬಂದ ಮರುದಿನ ಮಣ್ಣೂರಿಗೆ ಹೋದೆ. ಮಗಳು ಊರ ಶಾಲೆಯಲ್ಲಿ ಮೇಡಂ. ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಅವರ ಫೋಟೊ. ತಾಯಿ ಒಳಗೆ ಮಲಗಿದ್ದರು. ಯಾರೆಂದು ಹೇಳಿಕೊಂಡಾಗ ಆಕೆ ಕುರ್ಚಿ ತೋರಿಸಿದಳು, ತಾನು ನಿಂತೇ ಇದ್ದಳು.

ನಡೆದದ್ದನ್ನೆಲ್ಲ ಹೇಳಿದೆ. ಬಾಟಲಿಯ ಮಾತೊಂದನ್ನು ಬಿಟ್ಟು. ಆಕೆಗೆ ಅಷ್ಟೂ ಗೊತ್ತಿರಲಿಲ್ಲ. "ಅಪ್ಪನ್ನ ಕೇಳಿದ್ರ, ಯಂತ್ರ ಹಳೀದಿತ್ತು ಅಂತಿದ್ದ" ಎಂದಳು. ಆಮೇಲೆ ಕೇಳಿದಳು: "ಆ ಪುಸ್ತಕದಾಗ ಅಪ್ಪನ ಹೆಸ್ರ ಇನ್ನಾ ಹಂಗs ಅದ ಏನ್ರಿ?"

"ಅದರಿ."

"ಹಂಗಾರ ಬಾಯಿಲೆ ಹೇಳಿದ್ರ ಏನ್ ಬಂತು. ನೀವು ಬರದದ್ದು ಹಾಳ್ಯಾಗ ಅದ. ಇದನ್ನೂ ಬರದು ಕೊಡ್ರಿ. ಆ ಪುಸ್ತಕದಾಗ ಹಚ್ರಿ."

ಶಾಲೆಯ ಮಕ್ಕಳ ನೋಟ್‌ಪುಸ್ತಕದಿಂದ ಒಂದು ಹಾಳೆ ಹರಿದು ಕೊಟ್ಟಳು. ಅಲ್ಲೇ ಕೂತು ಬರೆದೆ. ವೇಗ ಹೆಚ್ಚಿಸಿದ್ದು, ಸ್ವಿಚ್ಚು ಬಂದ್ ಮಾಡಿದ್ದು, ಪುಸ್ತಕದಲ್ಲಿ ಹೆಸರು ಬದಲಿಸಿದ್ದು, ಜೇವರ್ಗಿಯ ಫೋನು. ಕೊನೆಯಲ್ಲಿ, "ಈ ಎಲ್ಲ ತಪ್ಪು ನನ್ನಿಂದ ಆಯಿತು" ಎಂದು ಮುಗಿಸಿ ಕೊಟ್ಟೆ. ಆಕೆ ಬಾಗಿಲ ಬೆಳಕಿಗೆ ಹಿಡಿದು ಎರಡು ಸಲ ಓದಿ, ಮಕ್ಕಳ ಬರಹ ತಿದ್ದುವವಳ ಹಾಗೆ ಕೊನೆಯ ಸಾಲಿನ ಮೇಲೆ ಬೆರಳಿಟ್ಟಳು.

"ಆಯಿತು ಅಂತ ಬರದೀರಿ. ಮಳಿ ಆಯಿತು ಅಂತೀವಿ, ರಾತ್ರಿ ಆಯಿತು ಅಂತೀವಿ. ಇದು ಹಂಗ ಆಗಿದ್ದಲ್ರಿ. ಮಾಡಿದೆ ಅಂತ ಬರೀರಿ."

ಹೊಡೆದುಹಾಕಿ, "ಈ ಎಲ್ಲ ತಪ್ಪನ್ನು ನಾನು ಮಾಡಿದೆ" ಎಂದು ಬರೆದು ಸಹಿ ಹಾಕಿದೆ. 

ಮರುದಿನ ಆ ಹಾಳೆಯನ್ನು ಕಾರ್ಯದರ್ಶಿಗಳ ಮುಂದೆ ಇಟ್ಟೆ. ಕೆಲಸ ಹೋಗುತ್ತದೆ ಎಂದು ಮನಸ್ಸು ಗಟ್ಟಿಮಾಡಿಕೊಂಡೇ ಹೋಗಿದ್ದೆ, ಹೆಂಡತಿಗೂ ಹೇಳಿದ್ದೆ. ಅವರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ನಕ್ಕರು.

"ಹಳೀ ಮಾತು ಯಾಕ ಕೆದರ್ತಿ ತಮ್ಮಾ. ಮನಷ್ಯಾ ಅಂದ ಮ್ಯಾಲ ತಪ್ಪ ಆಗ್ತಾವು. ಕೂಡು" ಎಂದು ಗಂಟೆ ಒತ್ತಿ ಚಹಾ ಹೇಳಿದರು. ಪುಸ್ತಕದಲ್ಲಿ ಹಚ್ಚಲೇಬೇಕು ಎಂದು ನಾನು ಹಟ ಹಿಡಿದಾಗ, "ಹಚ್ಚು, ಯಾರ್ ಓದ್ತಾರ ಅದನ್ನ" ಎಂದರು. ಅಂಟು ಹಾಕಿ ಮೊದಲ ಪುಟದಲ್ಲೇ ಹಚ್ಚಿದೆ. ಕೆಲಸ ಹೋಗಲಿಲ್ಲ. ಇವತ್ತಿಗೂ ಅಲ್ಲೇ ಕಲಿಸುತ್ತಿದ್ದೇನೆ.

ಸಂಜೆ ಆಕೆಗೆ ಫೋನು ಮಾಡಿ, ಹಚ್ಚಿದೆ ಎಂದು ತಿಳಿಸಿದೆ.

"ನಿಮಗ ಏನಂದ್ರು?" ಎಂದು ಕೇಳಿದಳು.

"ಏನೂ ಅನ್ಲಿಲ್ಲವ್ವಾ. ಕೂಡ್ಸಿ ಚಹಾ ಕೊಟ್ರು."

ಆ ಕಡೆ ಶಾಲೆ ಬಿಟ್ಟ ಮಕ್ಕಳ ಗದ್ದಲ ಕೇಳುತ್ತಿತ್ತು.

"ಕುಡದ್ರಿ?" ಎಂದಳು.

"ಕುಡದೆ" ಎಂದೆ.